ಮಕ್ಕಳ ಫೋಟೊ ಹಂಚುವ ಮುನ್ನ: ಮುಖಕ್ಕೆ ಸ್ಟಿಕ್ಕರ್ ಅಂಟಿಸಿದರೆ ಸಾಕೇ?

ಹೊಂಗಿರಣ

ಮಗುವಿನ ಮುಖದ ಮೇಲೆ ಹೃದಯದ ಸ್ಟಿಕ್ಕರ್ ಅಂಟಿಸಿ ಫೋಟೊ ಹಾಕುವ ರೂಢಿ ಬೆಳೆದಿದೆ. ಅದರಿಂದ ನಿಜಕ್ಕೂ ಎಷ್ಟು ರಕ್ಷಣೆ ಸಿಗುತ್ತದೆ, ಎಲ್ಲಿ ಕೈಕೊಡುತ್ತದೆ? ಫೋಟೊ ಕಡತದೊಳಗೆ ಏನೇನು ಅಡಗಿರುತ್ತದೆ? ಅಜ್ಜ-ಅಜ್ಜಿಯರಿಗೆ ಕಳಿಸಲು ಯಾವ ದಾರಿ ಒಳ್ಳೆಯದು? ಹಿಂದೆ ಹಾಕಿದ್ದನ್ನು ತೆಗೆಸುವುದು ಹೇಗೆ? ಬಲ್ಲವರು ಬಿಡಿಸಿ ಬರೆಯಿರಿ. 'ಹಾಕಲೇಬೇಡಿ' ಎಂಬ ಒಂದು ಸಾಲಿನ ಉತ್ತರ ಸರಿಯೇ ಇರಬಹುದು. ಆದರೆ ಶಾಲೆ, ಬಂಧುಗಳು, ಗೆಳೆಯರು ಎಲ್ಲರೂ ಫೋಟೊ ಹಂಚುತ್ತಿರುವಾಗ ಅದೊಂದರಿಂದ ಕೆಲಸ ಆಗುವುದಿಲ್ಲ. ಹೆಜ್ಜೆ ಹೆಜ್ಜೆಯಾಗಿ ತಿಳಿಯಬೇಕು.

ಸೂಜಿಗಣ್ಣು

ಸ್ಟಿಕ್ಕರ್ ವಿಷಯದಿಂದಲೇ ಶುರು ಮಾಡುತ್ತೇನೆ. ಮುಖ ಮರೆಮಾಡುವ ವಿಧಾನಗಳೆಲ್ಲ ಒಂದೇ ಅಲ್ಲ.

ಹಿಂದಿನದು ಕಾಣದಂತೆ ಪೂರ್ತಿ ಮುಚ್ಚುವ ಗಟ್ಟಿ ಬಣ್ಣದ ಚೌಕ, ವೃತ್ತ, ಸ್ಟಿಕ್ಕರ್ ಇವು ಒಳ್ಳೆಯವು. ಚಿತ್ರ ಕಟ್ಟಿರುವ ಕೆಳಗಿನ ಬಣ್ಣದ ಚುಕ್ಕಿಗಳ ಜಾಗದಲ್ಲಿ ಹೊಸ ಚುಕ್ಕಿಗಳು ಕೂರುತ್ತವೆ, ಹಳೆಯದನ್ನು ಮತ್ತೆ ಎತ್ತಲು ಬರುವುದಿಲ್ಲ. ಮಸುಕು ಮಾಡುವುದು ಮತ್ತು ಚೌಕಳಿ ಮಾಡುವುದು (ಮುಖವನ್ನು ದಪ್ಪ ಚೌಕಗಳಾಗಿ ಒಡೆಯುವುದು) ಹಾಗಲ್ಲ. ಅಲ್ಲಿ ಮೂಲದ ಮಾಹಿತಿ ಕದಡಿರುತ್ತದೆ, ಅಳಿದಿರುವುದಿಲ್ಲ. ತೆಳುವಾಗಿ ಮಸುಕು ಮಾಡಿದ ಮುಖವನ್ನು ಬಲ್ಲವರು ಬರಿಗಣ್ಣಲ್ಲೇ ಗುರುತಿಸುತ್ತಾರೆ, ಯಂತ್ರಕ್ಕೆ ಅದು ಇನ್ನೂ ಸುಲಭ. ತಿರುಚುವ ಫಿಲ್ಟರ್ ಅಂತೂ ಬೇಡವೇ ಬೇಡ. 2007ರಲ್ಲಿ ಇಂಟರ್‌ಪೋಲ್ ಹುಡುಕುತ್ತಿದ್ದ ಮಕ್ಕಳ ಪೀಡಕನೊಬ್ಬ ಚಿತ್ರಗಳಲ್ಲಿ ತನ್ನ ಮುಖವನ್ನು ಸುಳಿಯಂತೆ ತಿರುಚಿಕೊಂಡಿದ್ದ. ಜರ್ಮನಿಯ ಪೊಲೀಸ್ ತಜ್ಞರು ಆ ಸುಳಿಯನ್ನು ಹಿಮ್ಮುಖವಾಗಿ ಬಿಚ್ಚಿ ಮುಖವನ್ನು ಹೊರತೆಗೆದರು. ಅಲ್ಲಿ ಅದು ಒಳ್ಳೆಯದಕ್ಕೇ ಆಯಿತು. ಆದರೆ ಆ ಗಣಿತ ಯಾರ ಕೈಗೂ ಸಿಗುವಂಥದ್ದು.

ಇನ್ನೊಂದು ತಪ್ಪು ಹೈಲೈಟರ್ ಪೆನ್ನು. ಫೋನಿನ ಎಡಿಟ್ ಪರದೆಯಲ್ಲಿ ಹೈಲೈಟರ್ ಹಿಡಿದು ನಾಲ್ಕೈದು ಸಲ ತಿಕ್ಕಿದರೆ ಕಪ್ಪಾಗಿ ಕಾಣುತ್ತದೆ, ಆದರೆ ಅದು ಅರೆಪಾರದರ್ಶಕ. ಬ್ರೈಟ್‌ನೆಸ್, ಎಕ್ಸ್‌ಪೋಶರ್ ಏರಿಸಿದರೆ ಅಡಿಯಲ್ಲಿರುವುದು ಮೇಲೆ ಬರುತ್ತದೆ. ಶಾಲೆಯ ಹೆಸರು, ಗುರುತಿನ ಚೀಟಿಯ ಸಂಖ್ಯೆ ಮುಚ್ಚುವಾಗ ಜನ ಹೆಚ್ಚಾಗಿ ಎಡವುವುದು ಇಲ್ಲೇ. ಆಕಾರದ ಉಪಕರಣದಿಂದ ಒಳಗೆ ಬಣ್ಣ ತುಂಬಿದ ಚೌಕ ಹಾಕಿ.

ಕತ್ತರಿಸುವುದರಲ್ಲೂ ಒಂದು ಎಚ್ಚರ ಬೇಕು. 2023ರ ಮಾರ್ಚ್‌ನಲ್ಲಿ ಆಕ್ರೊಪಲಿಪ್ಸ್ ಎಂಬ ದೋಷ ಬಯಲಾಯಿತು. ಗೂಗಲ್‌ನ ಪಿಕ್ಸೆಲ್ ಫೋನುಗಳ ಮಾರ್ಕಪ್ ಉಪಕರಣ ಮತ್ತು ವಿಂಡೋಸ್ 11ರ ಸ್ನಿಪ್ಪಿಂಗ್ ಟೂಲ್, ಕತ್ತರಿಸಿದ ಚಿತ್ರವನ್ನು ಹಳೆಯ ಕಡತದ ಮೇಲೆಯೇ ಬರೆಯುತ್ತಿದ್ದವು. ಹೊಸ ಚಿತ್ರ ಚಿಕ್ಕದು, ಹಳೆಯ ಕಡತ ದೊಡ್ಡದು. ಉಳಿದ ಬಾಲ ಹಾಗೇ ಕಡತದಲ್ಲಿ ಉಳಿಯುತ್ತಿತ್ತು, ಅದರಿಂದ ಕತ್ತರಿಸಿದ ಭಾಗವನ್ನು ಒಂದಷ್ಟು ಮರಳಿ ಪಡೆಯಬಹುದಿತ್ತು. ದೋಷ ಸರಿಪಡಿಸಿದ್ದಾರೆ. ಆದರೆ ಅದಕ್ಕೂ ಮೊದಲು ಕತ್ತರಿಸಿ ಕಳಿಸಿದ ಕಡತಗಳು ತಾವಾಗಿ ಸರಿಹೋಗಲಿಲ್ಲ. ಹಾಗಾಗಿ ಅಭ್ಯಾಸ ಹೀಗಿರಲಿ: ತಿದ್ದಿದ ಚಿತ್ರವನ್ನು ಹಳೆಯದರ ಮೇಲೆ ಉಳಿಸದೆ ಹೊಸ ಪ್ರತಿಯಾಗಿ ಉಳಿಸಿ, ಆ ಹೊಸ ಪ್ರತಿಯನ್ನೇ ಹಂಚಿ.

ಕೊನೆಯದಾಗಿ, ಅದೇ ಖಾತೆಯಲ್ಲಿ ಕಳೆದ ವರ್ಷ ಮುಖ ಕಾಣುವ ಹತ್ತು ಫೋಟೊ ಇದ್ದು, ಈ ವರ್ಷದ್ದಕ್ಕೆ ಮಾತ್ರ ಸ್ಟಿಕ್ಕರ್ ಇದ್ದರೆ ಅದು ಯಾವುದನ್ನೂ ಮುಚ್ಚಿದಂತಾಗುವುದಿಲ್ಲ.

ಕಡತಗಿತ್ತಿ

ಕಡತದೊಳಗಿನ ವಿಷಯ ನಾನು ಬರೆಯುತ್ತೇನೆ. ಫೋನು ತೆಗೆದ ಪ್ರತಿ ಫೋಟೊದಲ್ಲೂ ಎಕ್ಸಿಫ್ ಎಂಬ ಮಾಹಿತಿ ಪಟ್ಟಿ ಇರುತ್ತದೆ. ತೆಗೆದ ದಿನ, ಗಂಟೆ, ನಿಮಿಷ, ಸೆಕೆಂಡು, ಫೋನಿನ ಮಾದರಿ, ಮತ್ತು ಅನುಮತಿ ಕೊಟ್ಟಿದ್ದರೆ ಅಕ್ಷಾಂಶ, ರೇಖಾಂಶ. ತೆರೆದ ಆಕಾಶದಡಿ ಫೋನಿನ ಜಿಪಿಎಸ್ ಸುಮಾರು 5 ಮೀಟರ್ ಒಳಗಿನ ಜಾಗವನ್ನು ಹೇಳಬಲ್ಲದು. ಅಂದರೆ ಊರಲ್ಲ, ಬೀದಿಯೂ ಅಲ್ಲ, ಮನೆಯೇ ಸಿಗುತ್ತದೆ.

ಯಾವ ದಾರಿಯಲ್ಲಿ ಕಳಿಸಿದರೆ ಏನಾಗುತ್ತದೆ ಎಂಬುದು ಮುಖ್ಯ. ವಾಟ್ಸಾಪ್‌ನಲ್ಲಿ ಫೋಟೊ ಎಂದು ಕಳಿಸಿದರೆ ಚಿತ್ರವನ್ನು ಕುಗ್ಗಿಸುವಾಗ ಸ್ಥಳದ ಮಾಹಿತಿ ಉದುರಿಹೋಗುತ್ತದೆ. ಅದೇ ಫೋಟೊವನ್ನು 'ಗುಣಮಟ್ಟ ಕೆಡಬಾರದು' ಎಂದು ಡಾಕ್ಯುಮೆಂಟ್ ಆಗಿ ಕಳಿಸಿದರೆ ಎಲ್ಲವೂ ಹಾಗೇ ಹೋಗುತ್ತದೆ. ಟೆಲಿಗ್ರಾಮ್‌ನಲ್ಲಿ ಫೈಲ್ ಆಗಿ ಕಳಿಸಿದರೂ ಅಷ್ಟೇ. ಇಮೇಲ್ ಲಗತ್ತು, ಬ್ಲೂಟೂತ್, ಪೆನ್‌ಡ್ರೈವ್ ಯಾವುದೂ ಏನನ್ನೂ ತೆಗೆಯುವುದಿಲ್ಲ. ಫೇಸ್‌ಬುಕ್, ಇನ್‌ಸ್ಟಾಗ್ರಾಮ್ ಬೇರೆಯವರಿಗೆ ತೋರಿಸುವ ಪ್ರತಿಯಿಂದ ಇದನ್ನು ತೆಗೆಯುತ್ತವೆ, ಆದರೆ ಏರಿಸಿದ ಮೂಲ ಕಡತ ಮೊದಲು ತಲುಪುವುದು ಕಂಪನಿಯ ಕೈಗೇ. ಫ್ಲಿಕರ್‌ನಂಥ ಛಾಯಾಚಿತ್ರ ತಾಣಗಳು ಎಕ್ಸಿಫ್ ಅನ್ನು ಪುಟದಲ್ಲೇ ತೋರಿಸುತ್ತವೆ, ಬೇಡವಾದರೆ ನೀವೇ ಮರೆಮಾಡಬೇಕು.

ಮೂಲದಲ್ಲೇ ನಿಲ್ಲಿಸುವುದು ಸುಲಭ. ಐಫೋನಿನಲ್ಲಿ ಸೆಟ್ಟಿಂಗ್ಸ್, ಪ್ರೈವಸಿ ಆ್ಯಂಡ್ ಸೆಕ್ಯುರಿಟಿ, ಲೊಕೇಶನ್ ಸರ್ವಿಸಸ್, ಕ್ಯಾಮೆರಾ, ಅಲ್ಲಿ ನೆವರ್ ಆರಿಸಿ. ಆ್ಯಂಡ್ರಾಯ್ಡ್‌ನಲ್ಲಿ ಕ್ಯಾಮೆರಾ ಆ್ಯಪ್ ತೆರೆದು ಅದರದೇ ಸೆಟ್ಟಿಂಗ್ಸ್‌ನಲ್ಲಿ ಲೊಕೇಶನ್ ಟ್ಯಾಗ್ಸ್ ಅಥವಾ ಸೇವ್ ಲೊಕೇಶನ್ ಎಂಬುದನ್ನು ಆಫ್ ಮಾಡಿಬಿಡಿ. ಇದು ಮುಂದೆ ತೆಗೆಯುವ ಫೋಟೊಗಳಿಗೆ ಮಾತ್ರ. ಹಳೆಯವುಗಳಲ್ಲಿ ಇದ್ದದ್ದು ಇದ್ದೇ ಇರುತ್ತದೆ.

ಹಳೆಯದನ್ನು ಹಂಚುವಾಗ ಐಫೋನಿನಲ್ಲಿ ಶೇರ್ ಒತ್ತಿ, ಮೇಲ್ಗಡೆ ಕಾಣುವ ಆಪ್ಷನ್ಸ್‌ಗೆ ಹೋಗಿ ಲೊಕೇಶನ್ ಆಫ್ ಮಾಡಿ. ಅಲ್ಲೇ ಆಲ್ ಫೋಟೋಸ್ ಡೇಟಾ ಎಂಬುದೂ ಇದೆ. ಅದು ಆನ್ ಇದ್ದು ಏರ್‌ಡ್ರಾಪ್ ಮಾಡಿದರೆ ತಿದ್ದುಪಡಿಯ ಇತಿಹಾಸವೂ ಹೋಗುತ್ತದೆ, ಅಂದರೆ ನೀವು ಕತ್ತರಿಸಿ ತೆಗೆದ ಭಾಗವನ್ನು ಪಡೆದವರು ಮರಳಿ ನೋಡಬಹುದು. ವಿಂಡೋಸ್‌ನಲ್ಲಿ ಕಡತದ ಮೇಲೆ ಬಲ ಕ್ಲಿಕ್, ಪ್ರಾಪರ್ಟೀಸ್, ಡೀಟೇಲ್ಸ್, ಕೆಳಗಡೆ ರಿಮೂವ್ ಪ್ರಾಪರ್ಟೀಸ್ ಆ್ಯಂಡ್ ಪರ್ಸನಲ್ ಇನ್ಫರ್ಮೇಶನ್. ನೂರಾರು ಫೋಟೊ ಒಟ್ಟಿಗೆ ಮಾಡಬೇಕಾದರೆ ಎಕ್ಸಿಫ್‌ಟೂಲ್ ಎಂಬ ಉಚಿತ ಉಪಕರಣ ಇದೆ. ಅದರಲ್ಲಿ ಎರಡು ವಿಷಯ ನೆನಪಿಡಿ. ಅದು ಸುಮ್ಮನೆ ಬಿಟ್ಟರೆ ಮೂಲ ಕಡತದ ಪ್ರತಿಯೊಂದನ್ನು ಪಕ್ಕದಲ್ಲೇ ಉಳಿಸುತ್ತದೆ, ಇಡೀ ಫೋಲ್ಡರ್ ಹಂಚಿದರೆ ಮೂಲವೂ ಹೋಗುತ್ತದೆ. ಎರಡನೆಯದು, ಎಲ್ಲ ಟ್ಯಾಗ್ (ಎಕ್ಸಿಫ್ ಪಟ್ಟಿಯ ಒಂದೊಂದು ಸಾಲು) ಅಳಿಸಿದರೆ ಚಿತ್ರ ಯಾವ ಕಡೆ ನಿಲ್ಲಬೇಕು ಎನ್ನುವ ಟ್ಯಾಗೂ ಅಳಿಯುತ್ತದೆ, ಉದ್ದದ ಫೋಟೊ ಅಡ್ಡ ಮಲಗಬಹುದು.

ವಿಡಿಯೊ ಬೇರೆಯೇ ಕಥೆ. ಎಂಪಿ4, ಮೂವ್ ಕಡತಗಳಲ್ಲಿ ಸ್ಥಳದ ಮಾಹಿತಿ ಎಕ್ಸಿಫ್‌ನಲ್ಲಿ ಇರುವುದಿಲ್ಲ, ಬೇರೆ ಪೆಟ್ಟಿಗೆಯಲ್ಲಿರುತ್ತದೆ. ಫೋಟೊ ಶುಚಿಗೊಳಿಸುವ ಆ್ಯಪ್ ವಿಡಿಯೊವನ್ನು ಮುಟ್ಟದೇ ಇರಬಹುದು. ಲೈವ್ ಫೋಟೊ ಕೂಡ ವಿಡಿಯೊವೇ. ಐಫೋನ್ ಗುಂಡಿ ಒತ್ತುವ ಹಿಂದಿನ 1.5 ಸೆಕೆಂಡು, ಮುಂದಿನ 1.5 ಸೆಕೆಂಡು ಸದ್ದಿನ ಸಮೇತ ಹಿಡಿಯುತ್ತದೆ. ಸ್ತಬ್ಧ ಚಿತ್ರದಲ್ಲಿ ಮಗುವಿನ ಬೆನ್ನು ಮಾತ್ರ ಇದ್ದರೂ ಅದರೊಳಗೆ ಮಗು ತಿರುಗಿ ನೋಡಿದ್ದು, ಯಾರೋ ಹೆಸರು ಹಿಡಿದು ಕರೆದದ್ದು ಇರಬಹುದು. ಹಂಚುವ ಮುನ್ನ ಲೈವ್ ಆಫ್ ಮಾಡಿ.

ನೇರನುಡಿ

ಎಕ್ಸಿಫ್ ಬಗ್ಗೆ ಇಷ್ಟು ಬರೆದಿದ್ದು ಒಳ್ಳೆಯದಾಯಿತು, ಆದರೆ ಜನ ಅದನ್ನು ತೆಗೆದ ಕೂಡಲೇ ನಿಶ್ಚಿಂತರಾಗುತ್ತಾರೆ. ನಿಜವಾದ ಸೋರಿಕೆ ಚಿತ್ರದಲ್ಲಿ ಮತ್ತು ಅದರ ಕೆಳಗಿನ ಬರಹದಲ್ಲಿದೆ. ಸಮವಸ್ತ್ರದ ಲಾಂಛನ ಯಾವ ಯಂತ್ರವೂ ಇಲ್ಲದೆ ಓದಿಸಿಕೊಳ್ಳುತ್ತದೆ.

ತೆರೆಮರೆ

ನೇರನುಡಿ ಹೇಳಿದ್ದೇ ಈ ಚರ್ಚೆಯ ತಿರುಳು ಎಂದು ನನ್ನ ಅಭಿಪ್ರಾಯ. ಒಂದು ಫೋಟೊ ತಾನೊಂದೇ ಸಾಮಾನ್ಯವಾಗಿ ಅಪಾಯ ತರುವುದಿಲ್ಲ. ಮುಖ, ಪೂರ್ತಿ ಹೆಸರು, ಜಾಗ, ಹೊತ್ತು ಈ ನಾಲ್ಕು ಒಂದಕ್ಕೊಂದು ಕೂಡಿಕೊಂಡಾಗ ಅಪಾಯ. ಬೇರೆ ಬೇರೆ ದಿನ, ಬೇರೆ ಬೇರೆ ಜನ ಹಾಕಿದ್ದೂ ಕೂಡಿಕೊಳ್ಳುತ್ತವೆ. ಅಮ್ಮ ಮುಖ ಹಾಕುತ್ತಾಳೆ, ಚಿಕ್ಕಪ್ಪ ಹೆಸರು ಬರೆದು ಶುಭಾಶಯ ಹೇಳುತ್ತಾನೆ, ಶಾಲೆಯ ಪುಟ ಜಾಗ ಹೇಳುತ್ತದೆ. ಆ ಕೊಂಡಿ ಕೂಡದಂತೆ ನೋಡಿಕೊಳ್ಳುವುದೇ ನಮ್ಮ ಕೆಲಸ.

ಹಾಕುವ ಮುನ್ನ ಚಿತ್ರವನ್ನು ದೊಡ್ಡದು ಮಾಡಿ ನಾಲ್ಕು ಮೂಲೆ, ಹಿನ್ನೆಲೆ, ಕನ್ನಡಿ, ಕಿಟಕಿ ಗಾಜು ನೋಡಿ. ಸಿಕ್ಕಿಬೀಳುವುದು ಇವು: ಮನೆಯ ಸಂಖ್ಯೆ, ವಾಹನದ ನೋಂದಣಿ ಫಲಕ, ಗೇಟಿನ ಆಕಾರ, ಶಾಲಾ ಬಸ್ಸಿನ ಮಾರ್ಗ ಸಂಖ್ಯೆ, ಕೊರಳಲ್ಲಿ ನೇತಾಡುವ ಗುರುತಿನ ಚೀಟಿ, ಬಹುಮಾನ ಪತ್ರದ ಮೇಲಿನ ಪೂರ್ತಿ ಹೆಸರು ಮತ್ತು ತರಗತಿ, ಗೋಡೆಯ ಮೇಲಿನ ವೇಳಾಪಟ್ಟಿ. ನವಜಾತ ಶಿಶುವಿನ ಕೈಪಟ್ಟಿಯನ್ನಂತೂ ಯಾರೂ ಗಮನಿಸುವುದಿಲ್ಲ. ಅದರಲ್ಲಿ ತಾಯಿಯ ಹೆಸರು, ಹುಟ್ಟಿದ ದಿನ, ಆಸ್ಪತ್ರೆಯ ದಾಖಲೆ ಸಂಖ್ಯೆ ಎಲ್ಲ ಇರಬಹುದು. ಜನ್ಮದಿನ ಮತ್ತು ತಾಯಿಯ ಹೆಸರು ಎಷ್ಟೋ ಕಡೆ ಗುರುತು ದೃಢೀಕರಿಸುವ ಪ್ರಶ್ನೆಗಳು. ಮಗು ದೊಡ್ಡದಾಗಿ ಸ್ವಂತ ಖಾತೆ ತೆರೆಯುವ ಹೊತ್ತಿಗೆ ಅವುಗಳ ಉತ್ತರ ವರ್ಷಗಳ ಹಿಂದೆಯೇ ಬಯಲಲ್ಲಿರುತ್ತದೆ. ಹುಟ್ಟಿದ ಸುದ್ದಿ ಹೇಳುವುದಾದರೆ ಕೈಕಾಲಿನ ಚಿತ್ರ ಸಾಕು, ಪಟ್ಟಿ ಚೌಕಟ್ಟಿನಿಂದ ಹೊರಗಿರಲಿ, ತಾರೀಖು ಬರೆಯದೆ 'ಈ ವಾರ' ಎನ್ನಿ. ಹುಟ್ಟುಹಬ್ಬದ ಚಿತ್ರವನ್ನೂ ಅದೇ ದಿನ ಹಾಕಬೇಕೆಂದಿಲ್ಲ.

ಹೊತ್ತಿನ ಬಗ್ಗೆ: ಇದ್ದ ಜಾಗದಿಂದಲೇ ಹಾಕಬೇಡಿ. ಅಲ್ಲಿಂದ ಹೊರಟ ಮೇಲೆ, ಪ್ರವಾಸವಾದರೆ ಮನೆ ಸೇರಿದ ಮೇಲೆ ಹಾಕಿ. ಅದಕ್ಕಿಂತ ಮುಖ್ಯವಾದದ್ದು ಪುನರಾವರ್ತನೆ. ಒಂದು ಸಲ ಈಜುಕೊಳದ ಚಿತ್ರ ಹಾಕಿದರೆ ಅದು ನೆನಪು. ಪ್ರತಿ ಶನಿವಾರ ಹಾಕಿದರೆ ಮಗು ಯಾವಾಗ ಎಲ್ಲಿರುತ್ತದೆ ಎಂಬ ವೇಳಾಪಟ್ಟಿ.

ಚಿತ್ರಗಳ ಬಗೆಯಲ್ಲೂ ಗೆರೆ ಇರಲಿ. ಸ್ನಾನ, ಬಟ್ಟೆ ಬದಲಿಸುವುದು, ಒಳಉಡುಪು, ಶೌಚ ತರಬೇತಿ ಇವು ಖಾಸಗಿ ಗುಂಪಿಗೂ ಹೋಗಬಾರದು. ಅಳು, ಶಿಕ್ಷೆ, ಕಾಯಿಲೆ, ಕಡಿಮೆ ಅಂಕ ಇವು ಮಗುವಿಗೆ ಅವಮಾನ ತರುವಂಥವು. ನಾಳೆ ಸಹಪಾಠಿಗಳ ಕೈಗೆ ಸಿಕ್ಕರೆ ಅಪಹಾಸ್ಯದ ಸರಕು. ಇದರಲ್ಲಿ ನನಗೆ ರಾಜಿ ಇಲ್ಲ.

ಹೊಂಗಿರಣ

ಹೆಸರಿನ ಬಗ್ಗೆ ಇನ್ನೊಂದು ಪ್ರಶ್ನೆ. ಮಗುವಿನ ಹೆಸರಲ್ಲೇ ಹ್ಯಾಶ್‌ಟ್ಯಾಗ್ ಮಾಡುವುದು, ಹುಟ್ಟಿದ ಕೂಡಲೇ ಅದರ ಹೆಸರಲ್ಲಿ ಖಾತೆ ತೆರೆದು ಇಡುವುದು ಇವೆರಡೂ ಈಗ ಸಾಮಾನ್ಯ. ಖಾಸಗಿ ಖಾತೆ ಆದರೂ ತೊಂದರೆಯೇ?

ತೆರೆಮರೆ

ಹ್ಯಾಶ್‌ಟ್ಯಾಗ್ ಬಿಡಿ. ಚದುರಿದ ಚಿತ್ರಗಳನ್ನು ಹುಡುಕುವವರ ಪರವಾಗಿ ನೀವೇ ಒಂದು ಕಡೆ ಕಟ್ಟಿಕೊಟ್ಟ ಹಾಗೆ. ಹೆಸರಲ್ಲಿ ಖಾತೆ ತೆರೆಯುವುದಕ್ಕೂ ನನ್ನ ವಿರೋಧವಿದೆ. ಇನ್‌ಸ್ಟಾಗ್ರಾಮ್‌ನ ಕನಿಷ್ಠ ವಯಸ್ಸು 13. ದೊಡ್ಡವರು ನಡೆಸುವುದಾದರೆ ಅದನ್ನು ಖಾತೆಯ ಪರಿಚಯದಲ್ಲಿ ಸ್ಪಷ್ಟವಾಗಿ ಬರೆಯಬೇಕು, ಆಗ ಮಗುವಿನ ಪೂರ್ತಿ ಹೆಸರು ಖಾತೆಗೇ ಅಂಟಿಕೊಳ್ಳುತ್ತದೆ. ಬರಹದಲ್ಲಿ ಮನೆಯ ಮುದ್ದಿನ ಹೆಸರು ಅಥವಾ 'ದೊಡ್ಡವಳು', 'ಚಿಕ್ಕವನು' ಎಂದರೆ ಸಾಕು. ಬಂಧುಗಳಿಗೆ ಗೊತ್ತಾಗುತ್ತದೆ, ಹುಡುಕಾಟಕ್ಕೆ ಸಿಗುವುದಿಲ್ಲ.

ಮಿತವಾದಿ

ಇಷ್ಟೊಂದು ಭಯ ಬೇಕೇ? ಕೋಟ್ಯಂತರ ಮಕ್ಕಳ ಚಿತ್ರಗಳಿವೆ. ಯಾರು ಕೂತು ಒಂದೊಂದನ್ನೇ ನೋಡುತ್ತಾರೆ? ಅಪರಿಚಿತರಿಂದ ಆಗುವುದಕ್ಕಿಂತ ಪರಿಚಿತರಿಂದ ಆಗುವ ಹಾನಿಯೇ ಹೆಚ್ಚು ಎಂಬುದೂ ನಿಜ.

ಸೂಜಿಗಣ್ಣು

ಎರಡನೆಯ ಮಾತು ಒಪ್ಪುತ್ತೇನೆ, ಅದಕ್ಕಾಗಿಯೇ ಯಾರಿಗೆ ಕಾಣುತ್ತದೆ ಎಂಬುದನ್ನು ಚಿಕ್ಕದಾಗಿ ಇಡಬೇಕು ಎನ್ನುವುದು. ಮೊದಲನೆಯದು ಈಗ ಸರಿಯಲ್ಲ. ಒಂದೊಂದನ್ನೇ ನೋಡುವುದು ಮನುಷ್ಯರಲ್ಲ.

ಚಿತ್ರ ಬಿಡಿಸುವ ಕೃತಕ ಬುದ್ಧಿಮತ್ತೆಯ ಮಾದರಿಗಳಿಗೆ ತರಬೇತಿ ಕೊಡಲು ಬಳಸಿದ ಲೈಆನ್-5ಬಿ ಎಂಬ ಸಂಗ್ರಹದಲ್ಲಿ ಅಂತರಜಾಲದಿಂದ ಬಾಚಿದ 585 ಕೋಟಿ ಚಿತ್ರ-ಬರಹ ಜೋಡಿಗಳ ಕೊಂಡಿಗಳಿದ್ದವು. 2024ರ ಜೂನ್‌ನಲ್ಲಿ ಹ್ಯೂಮನ್ ರೈಟ್ಸ್ ವಾಚ್ ಅದರ ಅತಿ ಸಣ್ಣ ಚೂರೊಂದನ್ನು ಪರಿಶೀಲಿಸಿ, ಬ್ರೆಜಿಲ್‌ನ ಮಕ್ಕಳ 170 ಫೋಟೊಗಳನ್ನು ಕಂಡಿತು. ಮುಂದಿನ ತಿಂಗಳು ಆಸ್ಟ್ರೇಲಿಯಾದ ಮಕ್ಕಳ 190 ಫೋಟೊಗಳು ಸಿಕ್ಕವು. ಕೆಲವು ಮಕ್ಕಳ ಹೆಸರು ಚಿತ್ರದ ಜೊತೆಗಿನ ಬರಹದಲ್ಲೋ ಕೊಂಡಿಯಲ್ಲೋ ಇತ್ತು. ಅವೇನು ಪ್ರಸಿದ್ಧರ ಪುಟಗಳಲ್ಲ, ಕುಟುಂಬದವರು ನಾಲ್ಕು ಜನರಿಗೆಂದು ಹಾಕಿದ ಬ್ಲಾಗು, ಶಾಲೆಯ ಪುಟ ಇಂಥವೂ ಅದರಲ್ಲಿದ್ದವು. ಕಡಿಮೆ ಜನ ನೋಡುತ್ತಾರೆ ಎಂಬುದೂ ಖಾಸಗಿ ಎಂಬುದೂ ಬೇರೆ ಬೇರೆ.

ಇದು ಸಾಲದೆಂಬಂತೆ, ಬಟ್ಟೆ ತೊಟ್ಟ ಮಗುವಿನ ಚಿತ್ರದಿಂದ ನಗ್ನ ಚಿತ್ರ ಹುಟ್ಟಿಸುವ ಉಪಕರಣಗಳು ಬಂದಿವೆ. ಹಾಗಾಗಿ 'ಪೂರ್ತಿ ಬಟ್ಟೆ ಇದೆ, ತೊಂದರೆ ಇಲ್ಲ' ಎಂಬ ಹಳೆಯ ಅಳತೆ ಸಾಲದು. ನೇರವಾಗಿ ಕ್ಯಾಮೆರಾ ನೋಡುವ, ಬೆಳಕು ಚೆನ್ನಾಗಿರುವ, ಮುಖ ದೊಡ್ಡದಾಗಿರುವ ಚಿತ್ರವೇ ದುರ್ಬಳಕೆಗೆ ಹೆಚ್ಚು ಅನುಕೂಲ. ಸಾರ್ವಜನಿಕವಾಗಿ ಹಾಕಲೇಬೇಕೆಂದರೆ ಬೆನ್ನು, ಕೈ, ದೂರದ ನೆರಳಾಕೃತಿ, ಬಿಡಿಸಿದ ಚಿತ್ರ ಹಿಡಿದ ಬೆರಳು ಇವನ್ನು ಆರಿಸಿ. ಸ್ಟಿಕ್ಕರ್‌ಗಿಂತ ಇದು ಮೇಲು, ಮುಚ್ಚಿದ್ದನ್ನು ತೆಗೆಯುವ ಪ್ರಶ್ನೆಯೇ ಬರುವುದಿಲ್ಲ. ಹಾಗೆಯೇ 'ನಿಮ್ಮ ಮಗು ದೊಡ್ಡದಾದರೆ ಹೀಗೆ ಕಾಣುತ್ತದೆ' ಎಂಬ ಬಗೆಯ ಆ್ಯಪ್‌ಗಳಿಗೆ ಮಗುವಿನ ಮುಖ ಕೊಡಬೇಡಿ. ಅಲ್ಲಿ ಏರಿಸಿದ ಚಿತ್ರ ಎಷ್ಟು ಕಾಲ, ಯಾರ ಬಳಿ ಇರುತ್ತದೆ ಎಂಬುದು ನಿಮ್ಮ ಹತೋಟಿಯಲ್ಲಿಲ್ಲ.

ಬೀಗದಕೈ

ಬಂಧುಗಳಿಗೆ ಕಳಿಸುವ ದಾರಿ. ನನ್ನ ಶಿಫಾರಸಿನ ಕ್ರಮ ಹೀಗೆ: ಸಿಗ್ನಲ್ ಅಥವಾ ವಾಟ್ಸಾಪ್‌ನ ಸಣ್ಣ ಕುಟುಂಬ ಗುಂಪು, ಅದಾದ ಮೇಲೆ ಹೆಸರು ಹಿಡಿದು ಸೇರಿಸಿದ ಹಂಚಿಕೆ ಆಲ್ಬಂ, ಕೊನೆಗೆ ಖಾಸಗಿ ಸಾಮಾಜಿಕ ಖಾತೆ. 'ಲಿಂಕ್ ಇದ್ದವರೆಲ್ಲ ನೋಡಬಹುದು' ಎಂಬುದು ಪಟ್ಟಿಯಲ್ಲೇ ಇಲ್ಲ.

ಗುಂಪು ಎಂದರೆ ನಿಜವಾಗಿ ಸಣ್ಣದು. ವಾಟ್ಸಾಪ್ ಗುಂಪಿಗೆ 1024 ಜನ ಸೇರಬಹುದು. ಊರವರೆಲ್ಲ ಇರುವ ಗುಂಪಿಗೆ ಹಾಕಿದ ಚಿತ್ರ ಬಹಿರಂಗ ಚಿತ್ರವೇ. ಹತ್ತು-ಹನ್ನೆರಡು ಜನ, ಸೇರಿಸುವ ಅಧಿಕಾರ ಅಡ್ಮಿನ್‌ಗೆ ಮಾತ್ರ, ಸೇರುವ ಲಿಂಕ್ ಯಾರಿಗೂ ಕೊಡದೆ ಇಡಿ. ಗುಂಪಿನ ವಿವರಣೆಯಲ್ಲಿ 'ಇಲ್ಲಿಯ ಚಿತ್ರ ಮುಂದೆ ಕಳಿಸಬೇಡಿ, ಸ್ಟೇಟಸ್‌ಗೆ ಹಾಕಬೇಡಿ' ಎಂದು ಬರೆದಿಡಿ.

ಮರೆತುಹೋಗುವ ಕೊಂಡಿ ಪಡೆದವರ ಫೋನು. ವಾಟ್ಸಾಪ್ ಚಿತ್ರ ತಾನಾಗಿ ಗ್ಯಾಲರಿಗೆ ಇಳಿಯುತ್ತದೆ, ಗ್ಯಾಲರಿ ತಾನಾಗಿ ಕ್ಲೌಡ್‌ಗೆ ಏರುತ್ತದೆ, ಅಲ್ಲಿಂದ ಯಾವುದೋ ಹಂಚಿದ ಆಲ್ಬಂಗೆ ಹೋಗಬಹುದು. ಆ್ಯಂಡ್ರಾಯ್ಡ್‌ನಲ್ಲಿ ಆ ಗುಂಪಿನ ಮಾಹಿತಿ ಪುಟ ತೆರೆದು ಮೀಡಿಯಾ ವಿಸಿಬಿಲಿಟಿಗೆ ನೋ ಕೊಡಬೇಕು, ಐಫೋನಿನಲ್ಲಿ ಸೇವ್ ಟು ಫೋಟೋಸ್ ಎಂಬುದಕ್ಕೆ ನೆವರ್. ಇದು ಪ್ರತಿಯೊಬ್ಬರ ಫೋನಿನಲ್ಲೂ ಪ್ರತ್ಯೇಕವಾಗಿ ಆಗಬೇಕು, ಅಡ್ಮಿನ್ ಒಬ್ಬರೇ ಮಾಡಿದರೆ ಆಗದು. ಹಿರಿಯರ ಫೋನು ಕೈಗೆ ಸಿಕ್ಕಾಗ ಐದು ನಿಮಿಷ ಕೂತು ಮಾಡಿಕೊಡಿ.

ಒಂದೇ ಸಲ ತೆರೆಯಬಹುದಾದ ವ್ಯೂ ಒನ್ಸ್ ಚಿತ್ರದ ಬಗ್ಗೆ ಅತಿಯಾದ ನಂಬಿಕೆ ಬೇಡ. ಸ್ಕ್ರೀನ್‌ಶಾಟ್ ತಡೆಯುತ್ತದೆ, ಪಕ್ಕದಲ್ಲಿ ಇನ್ನೊಂದು ಫೋನು ಹಿಡಿದು ಫೋಟೊ ತೆಗೆಯುವುದನ್ನು ತಡೆಯಲು ಆಗದು. ಸ್ಟೇಟಸ್ 24 ಗಂಟೆಯಲ್ಲಿ ಮಾಯವಾಗುತ್ತದೆ, ಆದರೆ ನಿಮ್ಮ ಫೋನಿನಲ್ಲಿ ಸಂಖ್ಯೆ ಉಳಿಸಿಕೊಂಡಿರುವ ಪ್ಲಂಬರ್, ಹಳೆಯ ಮನೆ ಮಾಲೀಕರು ಎಲ್ಲ ಸಂಪರ್ಕಗಳೇ. ಸ್ಟೇಟಸ್ ಪ್ರೈವಸಿಯಲ್ಲಿ ಓನ್ಲಿ ಶೇರ್ ವಿತ್ ಆರಿಸಿ ಹೆಸರು ಗುರುತು ಮಾಡಿ. ಪಟ್ಟಿ ಬದಲಿಸಿದರೆ ಅದು ಹೊಸ ಸ್ಟೇಟಸ್‌ಗಳಿಗೆ ಮಾತ್ರ ಅನ್ವಯ. ಪ್ರೊಫೈಲ್ ಚಿತ್ರದಲ್ಲಿ ಮಗು ಇರಬಾರದು, ಅದು ಎಲ್ಲರಿಗಿಂತ ಹೆಚ್ಚು ಜನರ ಕಣ್ಣಿಗೆ ಬೀಳುವ ಜಾಗ. ಫೇಸ್‌ಬುಕ್‌ನಲ್ಲಿ ಕವರ್ ಚಿತ್ರವೂ ಸಾರ್ವಜನಿಕ.

ಗೂಗಲ್ ಫೋಟೋಸ್ ಆಲ್ಬಂನಲ್ಲಿ ಲಿಂಕ್ ಶೇರಿಂಗ್ ಆಫ್ ಮಾಡಿ, ಇಮೇಲ್ ವಿಳಾಸದಿಂದ ಜನರನ್ನು ಸೇರಿಸಿ, ಆಪ್ಷನ್ಸ್‌ನಲ್ಲಿ ಫೋಟೊ ಸ್ಥಳ ಹಂಚುವುದನ್ನೂ ನಿಲ್ಲಿಸಿ. ಐಕ್ಲೌಡ್‌ನ ಶೇರ್ಡ್ ಆಲ್ಬಂಗೆ 100 ಜನರವರೆಗೆ ಸೇರಿಸಬಹುದು. ಅದರಲ್ಲಿ ಪಬ್ಲಿಕ್ ವೆಬ್‌ಸೈಟ್ ಎಂಬ ಗುಂಡಿ ಆಫ್ ಇದೆಯೇ ನೋಡಿ, ಆನ್ ಇದ್ದರೆ ಲಿಂಕ್ ಸಿಕ್ಕ ಯಾರು ಬೇಕಾದರೂ ಬ್ರೌಸರ್‌ನಲ್ಲಿ ತೆರೆಯಬಹುದು.

ಇಷ್ಟೆಲ್ಲ ಮಾಡಿ ಖಾತೆಯ ಪಾಸ್‌ವರ್ಡ್ ಮಗುವಿನ ಹೆಸರು ಮತ್ತು ಹುಟ್ಟಿದ ವರ್ಷ ಎಂದಿದ್ದರೆ ಫಲವಿಲ್ಲ. ಫೋಟೊ ಇರುವ ಪ್ರತಿ ಖಾತೆಗೂ ಎರಡು ಹಂತದ ದೃಢೀಕರಣ ಹಾಕಿ. ಆ್ಯಪ್‌ಗಳಿಗೆ ಇಡೀ ಗ್ಯಾಲರಿ ಒಪ್ಪಿಸಬೇಡಿ. ಐಒಎಸ್ 14ರಿಂದ, ಆ್ಯಂಡ್ರಾಯ್ಡ್ 14ರಿಂದ ಆರಿಸಿದ ಫೋಟೊಗಳನ್ನು ಮಾತ್ರ ಕೊಡುವ ಆಯ್ಕೆ ಇದೆ.

ಪಾಠಶಾಲೆ

ಬೇರೆಯವರ ಮಕ್ಕಳ ಮಾತು ಇನ್ನೂ ಬಂದಿಲ್ಲ. ಹುಟ್ಟುಹಬ್ಬದ ಗುಂಪು ಚಿತ್ರದಲ್ಲಿ ಎಂಟು ಮಕ್ಕಳಿದ್ದರೆ ಎಂಟು ಮನೆಯ ಒಪ್ಪಿಗೆ ಬೇಕು. ಕರೆಯುವಾಗಲೇ 'ಫೋಟೊ ತೆಗೆಯುತ್ತೇವೆ, ಎಲ್ಲೂ ಹಾಕುವುದಿಲ್ಲ, ನಿಮ್ಮ ಮಗುವಿನದ್ದು ನಿಮಗೆ ಮಾತ್ರ ಕಳಿಸುತ್ತೇವೆ' ಎಂದು ಬರೆದರೆ ಮುಂದಿನ ಮುಜುಗರವೆಲ್ಲ ತಪ್ಪುತ್ತದೆ. ದತ್ತು ಮಕ್ಕಳು, ಪೋಷಣಾ ಆಶ್ರಯದಲ್ಲಿರುವ ಮಕ್ಕಳು, ಹಿಂಸೆಯಿಂದ ಪಾರಾಗಿ ಬಂದ ತಾಯಿಯ ಮಕ್ಕಳು ಆ ಗುಂಪಿನಲ್ಲಿರಬಹುದು. ಅಂಥ ಕುಟುಂಬಕ್ಕೆ ಒಂದು ಟ್ಯಾಗ್ ಮಾಡಿದ ಚಿತ್ರವೇ ವಿಳಾಸ ಬಯಲು ಮಾಡಿಬಿಡುತ್ತದೆ, ಮತ್ತು ಅವರು ಕಾರಣ ಹೇಳಬೇಕಾದ ಸ್ಥಿತಿ ಬರಬಾರದು. 'ಬೇಡ' ಎಂದರೆ ಏಕೆ ಎಂದು ಕೇಳಬೇಡಿ.

ಶಾಲೆಗಳ ಒಪ್ಪಿಗೆ ಪತ್ರದಲ್ಲಿ ಸಾಮಾನ್ಯವಾಗಿ ಆಗುವ ತಪ್ಪು ಎಂದರೆ ಒಂದೇ ಸಹಿಗೆ ಎಲ್ಲವನ್ನೂ ಕಟ್ಟುವುದು. ಸರಿಯಾದ ಪತ್ರದಲ್ಲಿ ಬೇರೆ ಬೇರೆ ಗುರುತು ಚೌಕಗಳಿರಬೇಕು: ತರಗತಿಯ ಒಳಗಿನ ಫಲಕ, ಪೋಷಕರ ಗುಂಪು, ಮುದ್ರಿತ ವಾರ್ಷಿಕ ಸಂಚಿಕೆ, ಶಾಲೆಯ ಜಾಲತಾಣ, ಸಾಮಾಜಿಕ ಮಾಧ್ಯಮ, ಜಾಹೀರಾತು. ಒಪ್ಪಿಗೆ ಒಂದು ಶೈಕ್ಷಣಿಕ ವರ್ಷಕ್ಕೆ ಸೀಮಿತ ಎಂದು, ಯಾವಾಗ ಬೇಕಾದರೂ ಹಿಂಪಡೆಯಬಹುದು ಎಂದು, ಹಿಂಪಡೆದರೆ ಎಷ್ಟು ದಿನದಲ್ಲಿ ತೆಗೆಯುತ್ತಾರೆ ಎಂದು ಬರೆದಿರಬೇಕು. ಒಪ್ಪದ ಮಗುವನ್ನು ಕಾರ್ಯಕ್ರಮದಿಂದ ಹೊರಗಿಡದೆ ಕ್ಯಾಮೆರಾದ ಕೋನ ಬದಲಿಸಬೇಕು. ಚಿತ್ರದ ಕೆಳಗೆ ಪೂರ್ತಿ ಹೆಸರು ಮತ್ತು ತರಗತಿ ಎರಡೂ ಒಟ್ಟಿಗೆ ಇರಬಾರದು. ಕಡತದ ಹೆಸರನ್ನೂ ನೋಡಿ. ಮಗುವಿನ ಹೆಸರು ಮತ್ತು ತರಗತಿಯನ್ನೇ ಕಡತದ ಹೆಸರಾಗಿಟ್ಟು ತಾಣಕ್ಕೆ ಏರಿಸಿದರೆ ಹುಡುಕುಯಂತ್ರ ಅದನ್ನೂ ಓದುತ್ತದೆ.

ಹೊಂಗಿರಣ

ತಂದೆ-ತಾಯಿಯಲ್ಲಿ ಒಬ್ಬರು ಒಪ್ಪಿ ಇನ್ನೊಬ್ಬರು ಒಪ್ಪದಿದ್ದರೆ? ಅಜ್ಜಿ ಕೇಳದೆ ಹಾಕಿದರೆ? ಕಾನೂನು ಏನು ಹೇಳುತ್ತದೆ?

ತೆರೆಮರೆ

ದೇಶದಿಂದ ದೇಶಕ್ಕೆ ಬೇರೆ. ತಳಹದಿಯಾಗಿ 1989ರ ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಯ 16ನೇ ವಿಧಿ ಖಾಸಗಿತನವನ್ನು ಮಗುವಿನದೇ ಹಕ್ಕು ಎನ್ನುತ್ತದೆ. ಫ್ರಾನ್ಸ್ 2024ರ ಫೆಬ್ರವರಿಯಲ್ಲಿ ಮಾಡಿದ ಕಾನೂನು, ಮಗುವಿನ ಚಿತ್ರದ ಹಕ್ಕನ್ನು ಇಬ್ಬರು ಪೋಷಕರೂ ಸೇರಿ ಕಾಪಾಡಬೇಕು ಎನ್ನುತ್ತದೆ. ಭಿನ್ನಾಭಿಪ್ರಾಯ ಬಂದರೆ ಇನ್ನೊಬ್ಬರ ಒಪ್ಪಿಗೆ ಇಲ್ಲದೆ ಹಾಕದಂತೆ ನ್ಯಾಯಾಧೀಶರು ತಡೆಯಬಹುದು. ಅಜ್ಜಿಯ ಪ್ರಕರಣವೂ ಇದೆ. 2020ರ ಮೇನಲ್ಲಿ ನೆದರ್‌ಲೆಂಡ್ಸ್‌ನ ಗೆಲ್ಡರ್‌ಲ್ಯಾಂಡ್ ನ್ಯಾಯಾಲಯ, ಮೊಮ್ಮಕ್ಕಳ ಚಿತ್ರಗಳನ್ನು ಫೇಸ್‌ಬುಕ್ ಮತ್ತು ಪಿಂಟರೆಸ್ಟ್‌ನಿಂದ ತೆಗೆಯುವಂತೆ ಅಜ್ಜಿಯೊಬ್ಬರಿಗೆ ಆದೇಶಿಸಿತು, ತಪ್ಪಿದರೆ ದಿನಕ್ಕೆ 50 ಯೂರೊ, ಗರಿಷ್ಠ 1000 ಯೂರೊ ದಂಡ. ಕುಟುಂಬದೊಳಗಿನ ಬಳಕೆಗೆ ಐರೋಪ್ಯ ದತ್ತಾಂಶ ಕಾನೂನಿನಲ್ಲಿ ವಿನಾಯಿತಿ ಇದೆ, ಆದರೆ ಸಾಮಾಜಿಕ ಮಾಧ್ಯಮಕ್ಕೆ ಹಾಕಿದ್ದು ಆ ಗೆರೆಯೊಳಗಿದೆ ಎಂದು ಅಲ್ಲಿ ಒಪ್ಪಲಿಲ್ಲ.

ಕೋರ್ಟಿನವರೆಗೆ ಹೋಗುವ ಮೊದಲು ಮಾತಾಡುವ ರೀತಿ ಬದಲಿಸಿ ನೋಡಿ. 'ಯಾಕೆ ಹಾಕಿದಿರಿ' ಎಂದರೆ ಜಗಳ. 'ಈ ನಾಲ್ಕು ಚಿತ್ರ ನಿಮಗಾಗಿಯೇ ಆರಿಸಿದ್ದು, ಇವನ್ನು ಎಲ್ಲಿ ಬೇಕಾದರೂ ತೋರಿಸಿ, ಉಳಿದವು ಮನೆಯೊಳಗೆ' ಎಂದು ಕೈಗೆ ಕೊಟ್ಟರೆ ಹೆಚ್ಚಿನವರು ಪಾಲಿಸುತ್ತಾರೆ. ಮುದ್ರಿಸಿದ ಆಲ್ಬಂ ಕೊಟ್ಟರಂತೂ ಇನ್ನೂ ಒಳ್ಳೆಯದು.

ಮಗುವನ್ನೂ ಕೇಳಿ. ಮೂರು-ನಾಲ್ಕು ವರ್ಷದ ಮಗುವಿಗೆ 'ಅಂತರಜಾಲ' ಅರ್ಥವಾಗದಿದ್ದರೂ 'ಇದನ್ನು ಮಾವನಿಗೆ ತೋರಿಸಲಾ' ಎಂಬುದು ಅರ್ಥವಾಗುತ್ತದೆ. ಬೇಡ ಎಂದರೆ ಆ ಕ್ಷಣವೇ ಬಿಡಬೇಕು. ಮುಂದೆ ಯಾರೋ ಚಿತ್ರ ಕಳಿಸು ಎಂದು ಒತ್ತಾಯಿಸಿದಾಗ ಬೇಡ ಎನ್ನುವ ಧೈರ್ಯ ಅಲ್ಲಿಂದಲೇ ಬರುತ್ತದೆ.

ಕಡತಗಿತ್ತಿ

ವೈದ್ಯರಿಗೆ ಕಳಿಸುವ ಚಿತ್ರಗಳ ಬಗ್ಗೆ ಒಂದು ಮಾತು. 2022ರಲ್ಲಿ ನ್ಯೂಯಾರ್ಕ್ ಟೈಮ್ಸ್ ವರದಿ ಮಾಡಿದ ಪ್ರಕರಣದಲ್ಲಿ, ಅಮೆರಿಕದ ತಂದೆಯೊಬ್ಬ ಗಂಡುಮಗುವಿನ ಜನನಾಂಗದ ಊತದ ಚಿತ್ರವನ್ನು ವೈದ್ಯರಿಗಾಗಿ ತೆಗೆದಿದ್ದ. ಅದು ತಾನಾಗಿ ಕ್ಲೌಡ್‌ಗೆ ಏರಿತು, ಸ್ವಯಂಚಾಲಿತ ಪರೀಕ್ಷೆ ಅದನ್ನು ಮಕ್ಕಳ ಲೈಂಗಿಕ ಶೋಷಣೆಯ ಚಿತ್ರ ಎಂದು ಗುರುತಿಸಿ ಖಾತೆ ಮುಚ್ಚಿತು. ಪೊಲೀಸರು ತಪ್ಪಿಲ್ಲ ಎಂದ ಮೇಲೂ ಖಾತೆ ಮರಳಲಿಲ್ಲ. ಅಂಥ ಚಿತ್ರ ಅಗತ್ಯವಿದ್ದರೆ ಮೊದಲು ಕ್ಲೌಡ್ ಬ್ಯಾಕಪ್ ನಿಲ್ಲಿಸಿ, ನೋವಿರುವ ಭಾಗವನ್ನಷ್ಟೇ ಹಿಡಿಯಿರಿ, ಆಸ್ಪತ್ರೆಯ ಸ್ವಂತ ಸುರಕ್ಷಿತ ಪುಟ ಇದ್ದರೆ ಅದರಲ್ಲೇ ಕಳಿಸಿ, ಕೆಲಸ ಮುಗಿದ ಮೇಲೆ ಅಳಿಸಿ, ಕಸದ ಬುಟ್ಟಿಯನ್ನೂ ಖಾಲಿ ಮಾಡಿ, ಆಮೇಲೆ ಬ್ಯಾಕಪ್ ಮತ್ತೆ ಆನ್ ಮಾಡಿ.

ಅಳಿಲುಸೇವೆ

ತೆಗೆಸುವ ಭಾಗ ನನ್ನದು. ಮೊದಲು ಒಂದು ವ್ಯತ್ಯಾಸ ತಿಳಿದಿರಲಿ: ಹುಡುಕಾಟದಿಂದ ತೆಗೆಯುವುದು ಬೇರೆ, ತಾಣದಿಂದ ತೆಗೆಯುವುದು ಬೇರೆ.

ತಾಣದಿಂದ ತೆಗೆಯಲು ಹಾಕಿದವರನ್ನು, ಆಗದಿದ್ದರೆ ತಾಣದವರನ್ನು ಕೇಳಬೇಕು. ದೊಡ್ಡ ಜಾಲಗಳಲ್ಲಿ ಮಕ್ಕಳ ಚಿತ್ರ ಅನುಮತಿ ಇಲ್ಲದೆ ಬಂದರೆ ಪೋಷಕರು ದೂರು ಕೊಡುವ ಪ್ರತ್ಯೇಕ ಅರ್ಜಿ ಇರುತ್ತದೆ, ಪೋಸ್ಟಿನ ಮೂರು ಚುಕ್ಕಿಯ ರಿಪೋರ್ಟ್‌ಗಿಂತ ಅದು ಸರಿಯಾದ ಮೇಜಿಗೆ ಹೋಗುತ್ತದೆ. ಹುಡುಕಾಟದಿಂದ ತೆಗೆಯಲು ಗೂಗಲ್ 2021ರಿಂದ 18 ವರ್ಷದೊಳಗಿನವರ ಚಿತ್ರಗಳಿಗೆ ಪ್ರತ್ಯೇಕ ಮನವಿ ಸ್ವೀಕರಿಸುತ್ತಿದೆ. ಮಗುವೇ ಆಗಲಿ, ಪೋಷಕರೇ ಆಗಲಿ ಸಲ್ಲಿಸಬಹುದು. ಸಾರ್ವಜನಿಕ ಹಿತದ, ಸುದ್ದಿಮೌಲ್ಯದ ಚಿತ್ರಗಳಿಗೆ ಅದು ಅನ್ವಯಿಸುವುದಿಲ್ಲ. ಚಿತ್ರದ ವಿಳಾಸ, ಅದಿರುವ ಪುಟದ ವಿಳಾಸ, ಯಾವ ಪದ ಹುಡುಕಿದಾಗ ಬಂತು ಎಂಬುದು ಬೇಕು. ಚಿತ್ರದ ವಿಳಾಸಕ್ಕೆ ಚಿತ್ರದ ಮೇಲೆ ಬಲ ಕ್ಲಿಕ್ ಮಾಡಿ ಕಾಪಿ ಇಮೇಜ್ ಅಡ್ರೆಸ್ ಒತ್ತಿ. ತಾಣದವರು ತೆಗೆದ ಮೇಲೂ ಹುಡುಕಾಟದಲ್ಲಿ ಹಳೆಯ ತುಣುಕು ಕಾಣುತ್ತಿದ್ದರೆ ರಿಫ್ರೆಶ್ ಔಟ್‌ಡೇಟೆಡ್ ಕಂಟೆಂಟ್ ಉಪಕರಣ ಬಳಸಿ.

ನಗ್ನ, ಅರೆನಗ್ನ ಅಥವಾ ಲೈಂಗಿಕ ಚಿತ್ರ, ಅದು ಯಂತ್ರ ಹುಟ್ಟಿಸಿದ್ದೇ ಆಗಿರಲಿ, ಹರಿದಾಡುತ್ತಿದೆ ಎಂದು ತಿಳಿದರೆ ದಾರಿ ಬೇರೆ. ಪುರಾವೆ ಎಂದು ಅದನ್ನು ಬಂಧುಗಳಿಗೆ, ಗುಂಪಿಗೆ ಕಳಿಸಬೇಡಿ, ಕಳಿಸುವುದೇ ಅಪರಾಧವಾಗುತ್ತದೆ. ಪುಟದ ವಿಳಾಸ, ಖಾತೆಯ ಹೆಸರು, ದಿನ, ಹೊತ್ತು ಬರೆದಿಟ್ಟುಕೊಂಡು ಪೊಲೀಸರಿಗೆ ಮತ್ತು ಆ ತಾಣಕ್ಕೆ ದೂರು ಕೊಡಿ. ಕಾಣೆಯಾದ ಮತ್ತು ಶೋಷಣೆಗೊಳಗಾದ ಮಕ್ಕಳಿಗಾಗಿ ದುಡಿಯುವ ಅಮೆರಿಕದ ಸಂಸ್ಥೆ ಎನ್‌ಸಿಎಂಇಸಿ ನಡೆಸುವ ಟೇಕ್ ಇಟ್ ಡೌನ್ ಎಂಬ ಉಚಿತ ಸೇವೆ ಇದೆ. ನಿಮ್ಮ ಸಾಧನದಲ್ಲೇ ಚಿತ್ರದಿಂದ ಹ್ಯಾಶ್ ಎಂಬ ಅಂಕಿಗಳ ಗುರುತು ತಯಾರಾಗುತ್ತದೆ, ಗುರುತು ಮಾತ್ರ ಹೋಗುತ್ತದೆ, ಚಿತ್ರ ಹೋಗುವುದಿಲ್ಲ. ಸೇವೆಯಲ್ಲಿ ಭಾಗಿಯಾದ ವೇದಿಕೆಗಳು ಆ ಗುರುತಿಗೆ ಹೊಂದುವ ಚಿತ್ರವನ್ನು ಹುಡುಕಿ ತೆಗೆಯುತ್ತವೆ. ತುದಿಯಿಂದ ತುದಿಗೆ ಗೂಢಲಿಪಿಯಾದ (ಕಳಿಸಿದವರು, ಪಡೆದವರು ಮಾತ್ರ ಓದಬಲ್ಲ) ಖಾಸಗಿ ಸಂದೇಶಗಳಿಗೆ ಅದು ತಲುಪದು.

ನಿಮ್ಮದೇ ಹಳೆಯ ಪೋಸ್ಟುಗಳಿಗೆ ಕ್ರಮ ಮುಖ್ಯ. ಮೊದಲು ಖಾತೆಯ ಸೆಟ್ಟಿಂಗ್ಸ್‌ನಲ್ಲಿ ಮಾಹಿತಿ ಇಳಿಸಿಕೊಳ್ಳುವ ಆಯ್ಕೆಯಿಂದ ಎಲ್ಲವನ್ನೂ ನಿಮ್ಮ ಕಂಪ್ಯೂಟರಿಗೆ ಇಳಿಸಿಕೊಳ್ಳಿ, ಎಷ್ಟೋ ಮನೆಗಳಲ್ಲಿ ಮೂಲ ಫೋಟೊ ಬೇರೆಲ್ಲೂ ಇರುವುದಿಲ್ಲ. ಎರಡನೆಯದು, ಫೇಸ್‌ಬುಕ್‌ನ ಲಿಮಿಟ್ ಪಾಸ್ಟ್ ಪೋಸ್ಟ್ಸ್. ಸಾರ್ವಜನಿಕವಾಗಿದ್ದ ಹಳೆಯದೆಲ್ಲ ಒಂದೇ ಒತ್ತಿಗೆ ಸ್ನೇಹಿತರಿಗೆ ಸೀಮಿತವಾಗುತ್ತದೆ. ಇದರಿಂದ ಕೂಡಲೇ ಬಾಗಿಲು ಮುಚ್ಚಿದಂತಾಗುತ್ತದೆ, ಆಮೇಲೆ ನಿಧಾನವಾಗಿ ಅಳಿಸಬಹುದು. ಮೂರನೆಯದು, ಸ್ನೇಹಿತರ ಪಟ್ಟಿ ಸೋಸಿ. ಇನ್‌ಸ್ಟಾಗ್ರಾಮ್‌ನಲ್ಲಿ ಫಾಲೋವರ್ ಅನ್ನು ತೆಗೆದರೆ ಅವರಿಗೆ ಸೂಚನೆ ಹೋಗುವುದಿಲ್ಲ. ನಾಲ್ಕನೆಯದು, ಟ್ಯಾಗ್ ಆಗುವ ಮುನ್ನ ನಿಮ್ಮ ಒಪ್ಪಿಗೆ ಕೇಳುವಂತೆ ಟ್ಯಾಗ್ ರಿವ್ಯೂ ಆನ್ ಮಾಡಿ. ಆಮೇಲೆ ಅಳಿಸಲು ಕೂರಿ. ಸ್ನಾನ, ಕಾಯಿಲೆ, ಶಾಲೆಯ ಗುರುತು, ಜನ್ಮದಿನ ಇರುವವು ಮೊದಲು ಹೋಗಲಿ.

ಮಿತವಾದಿ

ಒಪ್ಪಿದೆ. ಒಂದು ಅನುಮಾನ: ಲಿಮಿಟ್ ಪಾಸ್ಟ್ ಪೋಸ್ಟ್ಸ್ ಒತ್ತಿದ ಮೇಲೂ ನನ್ನ ಸ್ನೇಹಿತರಲ್ಲದವರಿಗೆ ಕೆಲವು ಚಿತ್ರ ಕಾಣುತ್ತದಲ್ಲ, ಏಕೆ? ಮತ್ತು ನಾನು ಅಳಿಸಿದರೆ ಬೇರೆಯವರು ಹಂಚಿಕೊಂಡದ್ದೂ ಹೋಗುತ್ತದೆಯೇ?

ಅಳಿಲುಸೇವೆ

ಟ್ಯಾಗ್ ಕಾರಣ. ಯಾರನ್ನು ಟ್ಯಾಗ್ ಮಾಡಿದ್ದೀರೋ ಅವರಿಗೆ, ಸೆಟ್ಟಿಂಗ್ ಪ್ರಕಾರ ಅವರ ಸ್ನೇಹಿತರಿಗೂ ಅದು ಕಾಣುತ್ತಲೇ ಇರುತ್ತದೆ. ಆ ಚಿತ್ರಗಳಲ್ಲಿ ಟ್ಯಾಗ್ ತೆಗೆಯಿರಿ ಅಥವಾ ಚಿತ್ರವನ್ನೇ ಅಳಿಸಿ. ಲಿಮಿಟ್ ಪಾಸ್ಟ್ ಪೋಸ್ಟ್ಸ್ ಒಟ್ಟಿಗೆ ಹಿಂದಿರುಗಿಸಲಾಗದ ಬದಲಾವಣೆ ಎಂಬುದೂ ನೆನಪಿರಲಿ, ಮತ್ತೆ ಸಾರ್ವಜನಿಕ ಮಾಡಬೇಕಾದರೆ ಒಂದೊಂದಾಗಿ ಮಾಡಬೇಕು.

ಶೇರ್ ಗುಂಡಿಯಿಂದ ಹಂಚಿಕೊಂಡಿದ್ದರೆ ನೀವು ಅಳಿಸಿದಾಗ ಅಲ್ಲೂ ಮಾಯವಾಗುತ್ತದೆ. ಇಳಿಸಿಕೊಂಡು ಹೊಸದಾಗಿ ಏರಿಸಿದ್ದರೆ ಅದು ಅವರದೇ ಪೋಸ್ಟು, ಅವರೇ ತೆಗೆಯಬೇಕು. ಅಂಥದ್ದನ್ನು ಹುಡುಕಲು ಚಿತ್ರ ಕೊಟ್ಟರೆ ಅಂಥದ್ದೇ ಚಿತ್ರ ಹುಡುಕುವ ಗೂಗಲ್ ಲೆನ್ಸ್ ಅಥವಾ ಟಿನ್‌ಐಗೆ ಮೂಲ ಚಿತ್ರ ಕೊಟ್ಟು ನೋಡಿ. ಮುಖ ಹುಡುಕಿಕೊಡುತ್ತೇವೆ ಎನ್ನುವ ಅಪರಿಚಿತ ತಾಣಗಳಿಗೆ ಮಾತ್ರ ಮಗುವಿನ ಮುಖ ಏರಿಸಬೇಡಿ. ಇನ್ನು ಅಳಿಸಿದ್ದು ಆ ಕ್ಷಣವೇ ಪೂರ್ತಿ ಹೋಗುವುದಿಲ್ಲ. ಫೇಸ್‌ಬುಕ್‌ನ ಟ್ರ್ಯಾಶ್‌ನಲ್ಲಿ, ಇನ್‌ಸ್ಟಾಗ್ರಾಮ್‌ನ ರೀಸೆಂಟ್ಲಿ ಡಿಲೀಟೆಡ್‌ನಲ್ಲಿ 30 ದಿನ ಉಳಿದಿರುತ್ತದೆ. ಅಷ್ಟರಲ್ಲಿ ಯಾರಾದರೂ ಖಾತೆಯೊಳಗೆ ನುಗ್ಗಿದರೆ ಮರಳಿ ಪಡೆಯಬಹುದು, ಹಾಗಾಗಿ ಅಲ್ಲಿಗೂ ಹೋಗಿ ಖಾಲಿ ಮಾಡಿ. ಆರ್ಕೈವ್ ಎಂಬುದು ಅಳಿಸುವುದಲ್ಲ, ಬರೀ ಮರೆಮಾಡುವುದು. ಅಲ್ಲಿ ಸೇರಿಸಿಟ್ಟ ಹಳೆಯ ಸ್ಟೋರಿಗಳನ್ನೂ ಒಮ್ಮೆ ತೆರೆದು ನೋಡಿ.